ಜೋಡಿಗೆರೆ: ವರ್ತಕ ಮನೆತನದ ಕಾದಂಬರಿಗಳಲ್ಲಿ ಉತ್ತರಾಧಿಕಾರಿಯ ಶಿಕ್ಷಣ

ವರ್ತಕ ವರ್ಗದ ಏಳಿಗೆಯೊಡನೆ ಬೆಳೆದುಬಂದ ಸಾಹಿತ್ಯಪ್ರಕಾರ ಕಾದಂಬರಿ ಎಂಬ ಮಾತು ವಿಮರ್ಶೆಯಲ್ಲಿ ಸವೆದುಹೋಗಿದೆ. ಆದರೆ ಆ ಕಾದಂಬರಿಗಳನ್ನು ತೆರೆದು ನೋಡಿದರೆ ವರ್ತಕನ ಮನೆ ಕಾಣುತ್ತದೆ, ಅವನ ಮಡದಿಯ ಅಳಲು ಕಾಣುತ್ತದೆ, ಮಗಳ ವಿವಾಹದ ಚಿಂತೆ ಕಾಣುತ್ತದೆ. ಅಂಗಡಿ ಮಾತ್ರ ಕಾಣುವುದು ಅಪೂರ್ವ. ಬೆಲೆಯನ್ನು ಹೇಗೆ ಕಟ್ಟುತ್ತಾರೆ, ಉದ್ದರಿ ಯಾರಿಗೆ ಕೊಡುತ್ತಾರೆ, ಯಾರಿಗೆ ಕೊಡುವುದಿಲ್ಲ, ಕಿರ್ದಿಯಿಂದ ಖಾತೆಗೆ ಲೆಕ್ಕ ಹೇಗೆ ಇಳಿಯುತ್ತದೆ—ಇವೆಲ್ಲ ತೆರೆಯ ಹಿಂದೆಯೇ ಉಳಿಯುತ್ತವೆ. ಇದಕ್ಕಿಂತಲೂ ಅಪೂರ್ವವಾದುದು, ತಂದೆಯಿಂದ ಮಗನಿಗೆ ಈ ವಿದ್ಯೆ ಸಾಗುವ ಬಗೆಯ ಚಿತ್ರಣ. ರಾಜ್ಯದ ಉತ್ತರಾಧಿಕಾರವನ್ನು ಕುರಿತು ನಮ್ಮ ಪುರಾಣಕಾವ್ಯಗಳು ಹೇಳಿ ದಣಿದಿಲ್ಲ. ರಾಜಕುಮಾರನಿಗೆ ಯಾರು ಏನನ್ನು ಕಲಿಸಬೇಕೆಂಬುದನ್ನು ಕೌಟಿಲ್ಯನ ಅರ್ಥಶಾಸ್ತ್ರವು ಅಡಕವಾಗಿ ವಿಧಿಸುತ್ತದೆ. ಅಂಗಡಿಯ ಉತ್ತರಾಧಿಕಾರಿಗೆ ಅಂತಹ ಗ್ರಂಥವಿಲ್ಲ.

ಆಸ್ತಿಯ ಮಾತು ಬೇರೆ. ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರವು, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವಾಮ್ಯ ಉಂಟೆಂದು ಸಾಧಿಸಿತು. ಭಾರತದ ಬಹುಭಾಗಕ್ಕೆ ಇದೇ ನ್ಯಾಯವಾಯಿತು. ಮಗಳಿಗೂ ಈ ಜನ್ಮಸಿದ್ಧ ಹಕ್ಕು ದೇಶಾದ್ಯಂತ ಲಭಿಸಿದುದು 2005ರಲ್ಲಿ. ಕರ್ನಾಟಕದಲ್ಲಿ ಕೆಲವು ಮಿತಿಗಳೊಡನೆ ಅದಕ್ಕೂ ಮೊದಲೇ, 1994ರಲ್ಲಿ. ಹೀಗೆ ಪಾಲು ಹುಟ್ಟಿನಿಂದ ಬರುತ್ತದೆ. ಪಾಲನ್ನು ನಡೆಸುವ ಬುದ್ಧಿಯೂ ಹುಟ್ಟಿನಿಂದ ಬರುತ್ತದೆಯೆ ಎಂಬ ಪ್ರಶ್ನೆಯನ್ನು ಶಾಸ್ತ್ರಕಾರರು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಅದನ್ನು ಕೇಳಿದವರು ಕಾದಂಬರಿಕಾರರು. ಡಿಕನ್ಸನ ‘ಡೊಂಬಿ ಅಂಡ್ ಸನ್’, ಥಾಮಸ್ ಮಾನನ ‘ಬುಡೆನ್‌ಬ್ರೂಕ್ಸ್’, ವಿವೇಕ ಶಾನಭಾಗರ ‘ಘಾಚರ್ ಘೋಚರ್’—ಈ ಮೂರನ್ನು ಆ ಪ್ರಶ್ನೆಯ ಬೆಳಕಿನಲ್ಲಿ ಓದುವುದು ಪ್ರಸ್ತುತ ಲೇಖನದ ಉದ್ದೇಶ. ಮೂರಕ್ಕೂ ಸಮಾನ ಸ್ಥಳ ಕೊಡುವ ಪ್ರಯತ್ನ ಇಲ್ಲಿಲ್ಲ. ಎರಡನೆಯದು ಈ ವಿಷಯದಲ್ಲಿ ಉಳಿದೆರಡಕ್ಕಿಂತ ಸಮೃದ್ಧವಾದುದು.

ಡಿಕನ್ಸನ ಕಾದಂಬರಿ 1846ರಿಂದ 1848ರವರೆಗೆ ಮಾಸಿಕ ಕಂತುಗಳಲ್ಲಿ ಹೊರಬಂದಿತು. ಲಂಡನ್ನಿನ ಡೊಂಬಿ ಮಹಾಶಯನಿಗೆ ಜಗತ್ತೆಂದರೆ ತನ್ನ ವ್ಯಾಪಾರಸಂಸ್ಥೆ. ಆ ಸಂಸ್ಥೆಯ ಹೆಸರಿನಲ್ಲಿ ‘ಮಗ’ ಎಂಬ ಶಬ್ದ ಮೊದಲೇ ಇದೆ, ಮಗನು ಮಾತ್ರ ಬಹುಕಾಲ ಇಲ್ಲ. ಆರು ವರ್ಷದ ಮಗಳು ಫ್ಲಾರೆನ್ಸ್ ಮನೆಯಲ್ಲಿದ್ದಾಳೆ. ಸಂಸ್ಥೆಯ ಲೆಕ್ಕದಲ್ಲಿ ಅವಳು ಚಲಾವಣೆಯಾಗದ ನಾಣ್ಯ. ಕೊನೆಗೆ ಗಂಡುಮಗು ಹುಟ್ಟುತ್ತದೆ, ತಾಯಿ ತೀರಿಕೊಳ್ಳುತ್ತಾಳೆ. ಇಲ್ಲಿಂದ ಮುಂದೆ ಪಾಲ್ ಎಂಬ ಆ ಕೂಸನ್ನು ‘ತಯಾರಿಸುವ’ ಕೆಲಸ ಆರಂಭವಾಗುತ್ತದೆ. ಬ್ರೈಟನ್ನಿನ ಡಾಕ್ಟರ್ ಬ್ಲಿಂಬರನ ಶಾಲೆಯನ್ನು ಡಿಕನ್ಸನು ಗಾಜಿನ ಬಿಸಿಮನೆಗೆ ಹೋಲಿಸುತ್ತಾನೆ. ಅಲ್ಲಿ ಋತುಮಾನಕ್ಕೆ ಮುನ್ನವೇ ಎಲ್ಲ ಗಿಡಗಳೂ ಕಾಯಿ ಬಿಡಬೇಕು. ಎಳೆಯ ಪಾಲ್ ಅಲ್ಲಿ ಲ್ಯಾಟಿನ್ನಿನ ಭಾರಕ್ಕೆ ಬಾಡುತ್ತಾನೆ. ಆರು ವರ್ಷಕ್ಕೆ ಸಾಯುತ್ತಾನೆ.

ಈ ಶಾಲೆಯ ಕ್ರೌರ್ಯವನ್ನು ವಿಮರ್ಶಕರು ಸಾಕಷ್ಟು ಗಮನಿಸಿದ್ದಾರೆ. ಆದರೆ ವ್ಯಾಪಾರದ ಉತ್ತರಾಧಿಕಾರಿಗೆ ಕೊಟ್ಟ ಈ ವಿದ್ಯೆಯಲ್ಲಿ ವ್ಯಾಪಾರವೆಂಬುದೇ ಇಲ್ಲ ಎಂಬ ಸಂಗತಿ ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ. ಇಡೀ ಬೃಹತ್ಕಾದಂಬರಿಯಲ್ಲಿ ಡೊಂಬಿ ತನ್ನ ಮಗನಿಗೆ ಕಲಿಸುವ ವ್ಯಾಪಾರದ ಪಾಠ ಒಂದೇ ಒಂದು. ಸಂಸ್ಥೆಯ ಕಿರಿಯ ನೌಕರ ವಾಲ್ಟರ್ ಗೇ, ಸಾಲದಲ್ಲಿ ಸಿಕ್ಕಿದ ತನ್ನ ವೃದ್ಧ ಸೋದರಮಾವನಿಗಾಗಿ ಹಣ ಬೇಡಲು ಬ್ರೈಟನ್ನಿಗೆ ಬರುತ್ತಾನೆ. ನಿನ್ನ ಬಳಿ ಹಣವಿದ್ದರೆ ಏನು ಮಾಡುವೆಯೆಂದು ತಂದೆ ಮಗುವನ್ನು ಕೇಳುತ್ತಾನೆ. ಆ ಮುದುಕನಿಗೆ ಕೊಟ್ಟುಬಿಡುವೆನೆಂದು ಮಗು ಹೇಳುತ್ತದೆ. ತಂದೆ ಒಂದು ಪದವನ್ನು ತಿದ್ದುತ್ತಾನೆ: ಕೊಡುವುದಲ್ಲ, ಸಾಲವಾಗಿ ಕೊಡುವುದು. ಬಳಿಕ ಹಣವಿಲ್ಲದವನು ಹಣವುಳ್ಳವನ ಮುಂದೆ ಹೇಗೆ ನಿಲ್ಲಬೇಕಾಗುತ್ತದೆ ಎಂಬುದನ್ನು ವಾಲ್ಟರನ ಎದುರಿಗೇ ವಿವರಿಸುತ್ತಾನೆ. ಸಾಲದ ಭದ್ರತೆ, ವಾಯಿದೆ, ಸಾಲಗಾರನ ನಡತೆಯ ತೂಕ—ವರ್ತಕನ ಮಗನು ಅರಿಯಬೇಕಾದ ಇದಾವುದೂ ಆ ಪಾಠದಲ್ಲಿಲ್ಲ. ಇರುವುದು ಒಡೆತನದ ದರ್ಪ ಮಾತ್ರ. ಇತ್ತ ನಿಜವಾದ ವ್ಯಾಪಾರವನ್ನೆಲ್ಲ ಕರಗತ ಮಾಡಿಕೊಂಡವನು ವ್ಯವಸ್ಥಾಪಕ ಕಾರ್ಕರ್. ಅವನು ಪಲಾಯನ ಮಾಡಿದ ಮೇಲೆ, ಸಂಸ್ಥೆ ತನ್ನ ಶಕ್ತಿಗೆ ಮೀರಿದ ಸಾಹಸಗಳಲ್ಲಿ ತೊಡಗಿದೆಯೆಂಬುದು ಗೊತ್ತಾದಾಗಲೂ ಡೊಂಬಿ ಒಂದಿಷ್ಟೂ ಹಿಂದೆಗೆಯಲೊಪ್ಪುವುದಿಲ್ಲ. ಸಂಸ್ಥೆ ಮುರಿದು ಬೀಳುತ್ತದೆ. ಮಗನಿಗೆ ಕಲಿಸಲಾಗದವನು ತಾನೂ ಕಲಿತವನಾಗಿರಲಿಲ್ಲ.

ಆದರೂ ಡಿಕನ್ಸನಿಗೆ ಈ ಸಮಸ್ಯೆಯಲ್ಲಿ ಕೊನೆಯವರೆಗೆ ಆಸಕ್ತಿ ಉಳಿಯಲಿಲ್ಲವೆನ್ನಬೇಕು. ಪಾಲನ ಮರಣದ ಅನಂತರ ಕಾದಂಬರಿ ಹೃದಯ ಪರಿವರ್ತನೆಯ ಕಥೆಯಾಗಿ, ಮಗಳ ಪ್ರೀತಿಯಲ್ಲಿ ತಂದೆ ಕರಗುವ ಕಥೆಯಾಗಿ ಮುಗಿಯುತ್ತದೆ. ಸಂಸ್ಥೆಯ ನಿಜವಾದ ವಾರಸು ಮಗಳೇ ಎಂಬ ವಿನೋದದ ಸೂಚನೆಯೇನೋ ಉಂಟು. ಆದರೆ ಫ್ಲಾರೆನ್ಸಳ ಕೈಗೆ ಒಂದು ಲೆಕ್ಕದ ಪುಸ್ತಕವನ್ನಾದರೂ ಕೊಡುವ ಕಲ್ಪನೆ ಲೇಖಕನಿಗೆ ಬರಲಿಲ್ಲ.

1901ರಲ್ಲಿ ಪ್ರಕಟವಾದ ‘ಬುಡೆನ್‌ಬ್ರೂಕ್ಸ್’ ಕೃತಿಗೆ ಬಂದಾಗ ನಾವು ಬೇರೊಂದು ಪ್ರಪಂಚವನ್ನು ಪ್ರವೇಶಿಸುತ್ತೇವೆ. ಒಂದು ಮನೆತನದ ಅವನತಿ ಎಂಬುದು ಇದರ ಉಪಶೀರ್ಷಿಕೆ. ಬಾಲ್ಟಿಕ್ ಸಮುದ್ರದ ಬಳಿಯ ಲ್ಯೂಬೆಕ್ ನಗರದ ಧಾನ್ಯವರ್ತಕರ ನಾಲ್ಕು ತಲೆಮಾರುಗಳ ಕಥೆ ಇದು. ಮಾನನು ನಗರದ ಹೆಸರನ್ನು ಎಲ್ಲಿಯೂ ಹೇಳುವುದಿಲ್ಲ, ಆದರೆ ಬೀದಿಗಳ ಹೆಸರನ್ನು ಮರೆಮಾಡುವುದಿಲ್ಲ. 1768ರಲ್ಲಿ ಸ್ಥಾಪಿತವಾದ ಸಂಸ್ಥೆ. ಕಥೆ 1835ರಲ್ಲಿ, ಹೊಸದಾಗಿ ಕೊಂಡ ದೊಡ್ಡ ಮನೆಯ ಔತಣದಿಂದ ಆರಂಭವಾಗುತ್ತದೆ. ಆ ಮನೆಯಾದರೋ ಹಿಂದೆ ಸಿರಿವಂತರಾಗಿದ್ದು ಇಳಿಗತಿಗೆ ಬಂದ ಇನ್ನೊಂದು ಮನೆತನದ್ದು. ಊಟದ ಮೇಜಿನಲ್ಲೇ ಆ ಹಳೆಯ ಒಡೆಯರ ಪತನದ ಮಾತು ಬರುತ್ತದೆ.

ಈ ಕಾದಂಬರಿಯ ಬಗ್ಗೆ ರೂಢಿಯಲ್ಲಿರುವ ಅಭಿಪ್ರಾಯ ಇಷ್ಟು: ತಲೆಮಾರಿನಿಂದ ತಲೆಮಾರಿಗೆ ಜೀವಶಕ್ತಿ ಕುಂದುತ್ತದೆ, ಸೂಕ್ಷ್ಮತೆ ಬೆಳೆಯುತ್ತದೆ, ವರ್ತಕನ ರಕ್ತ ತೆಳುವಾದಂತೆ ಕಲಾವಿದನು ಹುಟ್ಟುತ್ತಾನೆ, ಕೊನೆಯ ಕುಡಿಯಾದ ಹಾನೊ ಸಂಗೀತದಲ್ಲಿ ಮುಳುಗಿ, ಬದುಕುವ ಇಚ್ಛೆಯನ್ನೇ ಕಳೆದುಕೊಂಡು ಹದಿಹರೆಯದಲ್ಲಿ ವಿಷಮಜ್ವರದಿಂದ ಸಾಯುತ್ತಾನೆ. ಶೋಪೆನ್‌ಹೌವರನ ತತ್ತ್ವ, ವಾಗ್ನರನ ಸಂಗೀತ ಇವುಗಳ ಪ್ರಭಾವವನ್ನು ಇಲ್ಲಿ ತೋರಿಸುವುದು ವಾಡಿಕೆ. ಈ ಅಭಿಪ್ರಾಯಕ್ಕೆ ಗ್ರಂಥದಲ್ಲಿ ಆಧಾರವಿಲ್ಲವೆಂದು ಯಾರೂ ಹೇಳಲಾರರು. ತಂದೆಮಕ್ಕಳಿಬ್ಬರ ಹುಳುಕು ಹಲ್ಲುಗಳನ್ನು ಮಾನನು ವೈದ್ಯನಂತೆ ನಮೂದಿಸುತ್ತಾ ಹೋಗುತ್ತಾನೆ. ಆದರೆ ಇದನ್ನೇ ಪೂರ್ಣಸತ್ಯವೆಂದು ಹಿಡಿದರೆ ಕಾದಂಬರಿಯ ಅರ್ಧಭಾಗ ಕೈತಪ್ಪುತ್ತದೆ. ಅವನತಿ ರಕ್ತದಲ್ಲೇ ಬರೆದಿದ್ದರೆ ಥಾಮಸ್ ಬುಡೆನ್‌ಬ್ರೂಕನು ಮಗನಿಗೆ ಕಲಿಸಲು ಪಡುವ ಪಾಡಿಗೆ ಅರ್ಥವೇನು? ಆ ಪಾಡನ್ನು ಅಷ್ಟೊಂದು ಪುಟಗಳಲ್ಲಿ ಬರೆಯುವ ಅಗತ್ಯ ಲೇಖಕನಿಗಾದರೂ ಏನಿತ್ತು? (ಲೇಖಕನ ಹೆಸರೂ ನಾಯಕನ ಹೆಸರೂ ಒಂದೇ ಆದ್ದರಿಂದ, ಮುಂದೆ ‘ಥಾಮಸ್’ ಎಂದರೆ ಪಾತ್ರವೆಂದೂ ‘ಮಾನ್’ ಎಂದರೆ ಲೇಖಕನೆಂದೂ ತಿಳಿಯಬೇಕು.)

ಪ್ರತಿಯೊಂದು ತಲೆಮಾರೂ ವ್ಯಾಪಾರವನ್ನು ಕಲಿತ ಬಗೆಯನ್ನು ನೋಡೋಣ. ಮುತ್ತಜ್ಜ ಜೊಹಾನ್ ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ನಾಲ್ಕು ಕುದುರೆಯ ಬಂಡಿಯಲ್ಲಿ ದಕ್ಷಿಣ ಜರ್ಮನಿಯವರೆಗೆ ಹೋಗಿ ಪ್ರಶ್ಯದ ಸೈನ್ಯಕ್ಕೆ ಗೋಧಿ ಕೊಂಡವನು. ಅವನ ವಿದ್ಯೆ ದಾರಿಯಲ್ಲಿ ದೊರೆತುದು. ಅವನ ಮಗನಿಗೆ ಆ ವಿದ್ಯೆಯೊಡನೆ ದೈವಭಕ್ತಿಯೂ ಸೇರುತ್ತದೆ. ಚಿನ್ನದಂಚಿನ ಒಂದು ಪುಸ್ತಕದಲ್ಲಿ ಮನೆತನದ ಜನನ, ವಿವಾಹ, ಮರಣಗಳನ್ನೂ ದೇವರ ಕೃಪೆಯನ್ನೂ ಆತ ಬರೆದಿಡುತ್ತಾನೆ. ಹಗಲಿನ ವ್ಯವಹಾರ ರಾತ್ರಿಯ ನಿದ್ರೆಯನ್ನು ಕೆಡಿಸುವಂತಹುದಾಗಿರಬಾರದೆಂಬುದು ಪೂರ್ವಿಕನೊಬ್ಬನು ಆ ಮನೆಗೆ ಹಾಕಿಕೊಟ್ಟ ಕಟ್ಟಳೆ. ಮೂರನೆಯವನಾದ ಥಾಮಸ್ ಹದಿನಾರನೆಯ ವಯಸ್ಸಿಗೆ ಶಾಲೆ ಬಿಟ್ಟು ತಂದೆಯ ಕಚೇರಿಯಲ್ಲಿ ಕುಳಿತುಕೊಳ್ಳುತ್ತಾನೆ, ಗುಮಾಸ್ತರಂತೆಯೇ ದುಡಿಯುತ್ತಾನೆ, ಬಳಿಕ ಆಮ್‌ಸ್ಟರ್‌ಡಾಮಿಗೆ ಹೋಗಿ ಬೇರೆಯವರ ಕೈಕೆಳಗೆ ಕೆಲಸ ಕಲಿಯುತ್ತಾನೆ. ನಮ್ಮ ಉಡುಪಿಯ ಹೋಟೆಲುಗಳಲ್ಲಿ ಮಾಲೀಕನ ಮಗನು ಮೊದಲು ಲೋಟ ತೊಳೆದು, ಮೇಜು ಒರೆಸಿ, ಆಮೇಲೆ ಗಲ್ಲಾಪೆಟ್ಟಿಗೆಯ ಬಳಿಗೆ ಬಂದ ಹಳೆಯ ಕ್ರಮವನ್ನು ಬಲ್ಲವರಿಗೆ ಈ ಶಿಕ್ಷಣ ಅಪರಿಚಿತವೆನಿಸದು. ಆದರೆ ಮಾನನು ಇನ್ನೊಂದು ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ. ಆಮ್‌ಸ್ಟರ್‌ಡಾಮಿಗೆ ಹೊರಡುವ ಮುನ್ನ ಥಾಮಸ್ ಒಂದು ಹೂವಿನಂಗಡಿಯಲ್ಲಿ ಕೆಲಸಮಾಡುವ ಆನಾ ಎಂಬ ಹುಡುಗಿಯನ್ನು ಬೀಳ್ಕೊಡುತ್ತಾನೆ. ಜಗಳವಿಲ್ಲ, ಕಣ್ಣೀರಿನ ಕೋಡಿಯಿಲ್ಲ; ಮನೆತನಕ್ಕೆ ಒಪ್ಪುವ ವಿವಾಹವನ್ನು ತಾನು ಮುಂದೆ ಮಾಡಿಕೊಳ್ಳಬೇಕಾಗುವುದೆಂದು ಅವನು ಹೇಳುತ್ತಾನೆ, ಅವಳು ಕೇಳಿಕೊಳ್ಳುತ್ತಾಳೆ. ಮೂವತ್ತು ವರ್ಷಗಳ ಕೆಳಗೆ ಓದಿದವರಿಗೂ ಆ ಹೂವಿನಂಗಡಿಯ ತೇವದ ವಾಸನೆ ನೆನಪಿನಲ್ಲಿ ಉಳಿದಿರುತ್ತದೆ. ಥಾಮಸನ ಶಿಕ್ಷಣದ ಅತಿ ಕಠಿಣವಾದ ಪರೀಕ್ಷೆ ನಡೆದುದು ಕಚೇರಿಯಲ್ಲಲ್ಲ, ಅಲ್ಲಿ.

ಅದೇ ಕಚೇರಿಯಲ್ಲಿ ತಮ್ಮ ಕ್ರಿಸ್ಟಿಯಾನನೂ ಕುಳಿತು ನೋಡುತ್ತಾನೆ. ಲಂಡನ್, ವಾಲ್ಪರೈಸೊಗಳನ್ನು ಸುತ್ತಿಬಂದ ಅವನಿಗೆ ಅನುಭವದ ಕೊರತೆಯಿಲ್ಲ. ಆದರೆ ಕೆಲಸದಲ್ಲಿ ಮನಸ್ಸು ನಿಲ್ಲದು. ವರ್ತಕರೆಲ್ಲರೂ ಒಂದರ್ಥದಲ್ಲಿ ಮೋಸಗಾರರೇ ಎಂದು ಅವನು ಕ್ಲಬ್ಬಿನಲ್ಲಿ, ಅದೂ ಅಣ್ಣನ ಪ್ರತಿಸ್ಪರ್ಧಿಯಾದ ಹಾಗೆನ್‌ಸ್ಟ್ರೋಮನ ಎದುರಿಗೆ, ಹಾಸ್ಯಕ್ಕೆ ಆಡಿದ ಮಾತು ಅಣ್ಣತಮ್ಮಂದಿರನ್ನು ಬೇರ್ಪಡಿಸುತ್ತದೆ. ಒಂದೇ ಮನೆ, ಒಂದೇ ತಂದೆ, ಒಂದೇ ಕಚೇರಿ. ಒಬ್ಬನು ಯಜಮಾನನಾದ, ಇನ್ನೊಬ್ಬನು ಊರಿನ ನಗೆಪಾಟಲಾದ. ಶಿಕ್ಷಣವೇ ಸರ್ವಸ್ವವೆಂಬವರಿಗೂ ರಕ್ತವೇ ಸರ್ವಸ್ವವೆಂಬವರಿಗೂ ಕ್ರಿಸ್ಟಿಯಾನನು ಸಮನಾಗಿ ತೊಡಕಾಗುತ್ತಾನೆ. ಅವನನ್ನು ಬಿಟ್ಟು ಮುಂದೆ ಹೋಗುವುದೇ ಲೇಸು. ಮಾನನೂ ಹಾಗೆಯೇ ಮಾಡಿದ್ದಾನೆ.

ತಂಗಿ ಟೋನಿಯ ವಿಷಯದಲ್ಲಿ ಮಾತ್ರ ಹೀಗೆ ಬಿಟ್ಟುಹೋಗುವಂತಿಲ್ಲ. ಮನೆತನದ ಗೌರವದ ಪಾಠವನ್ನು ಸಂಪೂರ್ಣವಾಗಿ ಕಲಿತ ಶಿಷ್ಯೆ ಅವಳೊಬ್ಬಳೇ. ತನಗೆ ಇಷ್ಟವಿಲ್ಲದ ಗ್ರ್ಯೂನ್‌ಲಿಷ್ ಎಂಬ ಹ್ಯಾಂಬರ್ಗಿನ ವರ್ತಕನೊಡನೆ ವಿವಾಹ ನಿಶ್ಚಯವಾದುದನ್ನು, ಮನೆತನದ ಪುಸ್ತಕವನ್ನು ತೆರೆದು ಓದುತ್ತಾ ಓದುತ್ತಾ ತಾನೂ ಆ ಸರಪಳಿಯ ಒಂದು ಕೊಂಡಿಯೆಂಬ ಭಾವದಿಂದ ರೋಮಾಂಚಿತಳಾಗಿ, ಸ್ವಹಸ್ತದಿಂದ ಅವಳೇ ಬರೆದುಬಿಡುತ್ತಾಳೆ. ಎಂಬತ್ತು ಸಾವಿರ ಮಾರ್ಕುಗಳ ವರದಕ್ಷಿಣೆ ಹೋಗುತ್ತದೆ. ವರನ ಲೆಕ್ಕಪುಸ್ತಕಗಳನ್ನು ನೋಡಿ, ವಿಚಾರಿಸಿ ಒಪ್ಪಿದವನು ನುರಿತ ವರ್ತಕನಾದ ಅವಳ ತಂದೆ; ಆ ಪುಸ್ತಕಗಳು ಸುಳ್ಳು. ಎಂದರೆ ಬುಡೆನ್‌ಬ್ರೂಕರ ಮೊದಲನೆಯ ದೊಡ್ಡ ನಷ್ಟಕ್ಕೆ ಕಾರಣ ರಕ್ತದ ತೆಳುಪಲ್ಲ. ಲೆಕ್ಕ ಓದುವುದರಲ್ಲಿ ಆದ ತಪ್ಪು. ಮುಂದೆ ಪಾಪ್ಪೆನ್‌ರಾಡೆಯ ಜಮೀನಿನ ಪೈರನ್ನು ಕಟಾವಿಗೆ ಮುನ್ನವೇ ಅರ್ಧ ಬೆಲೆಗೆ ಕೊಳ್ಳಬಹುದೆಂಬ ಸುದ್ದಿಯನ್ನು ಅಣ್ಣನಿಗೆ ತಂದುಕೊಡುವವಳೂ ಅವಳೇ. ತಮ್ಮ ಹಿರಿಯರು ಎಂದೂ ಮಾಡದ ಬಡ್ಡಿಕೋರರ ಕೆಲಸ ಇದೆಂದು ಥಾಮಸ್ ಅವಳನ್ನು ಗದರುತ್ತಾನೆ. ಆಮೇಲೆ ಅದನ್ನೇ ಮಾಡುತ್ತಾನೆ. 1868ರಲ್ಲಿ ಸಂಸ್ಥೆಯ ಶತಮಾನೋತ್ಸವದ ದಿನ, ಅಭಿನಂದನೆಗಳ ಗದ್ದಲದ ನಡುವೆ, ಆಲಿಕಲ್ಲಿನ ಮಳೆಗೆ ಆ ಪೈರೆಲ್ಲ ನೆಲಕಚ್ಚಿತೆಂಬ ತಂತಿ ಬರುತ್ತದೆ.

ಆ ಉತ್ಸವದ ಬೆಳಿಗ್ಗೆಯೇ ಪುಟ್ಟ ಹಾನೊ ತಂದೆಯ ಮುಂದೆ ಒಂದು ಪದ್ಯ ಒಪ್ಪಿಸಬೇಕಾಗಿತ್ತು. ತಂದೆ ನಿಲ್ಲುವ ಭಂಗಿಯನ್ನು ತಿದ್ದುತ್ತಾನೆ, ಸ್ವರವನ್ನು ತಿದ್ದುತ್ತಾನೆ, ಮಗು ಅತ್ತುಬಿಡುತ್ತದೆ. ಇಲ್ಲಿಂದ ಮುಂದಿನ ಅಧ್ಯಾಯಗಳಲ್ಲಿ ಉತ್ತರಾಧಿಕಾರಿಯ ಶಿಕ್ಷಣವೇ ಮಾನನ ಮುಖ್ಯ ವಸ್ತುಗಳಲ್ಲೊಂದು. ಥಾಮಸ್ ಮಗನನ್ನು ಬಂದರಿಗೆ ಕರೆದೊಯ್ಯುತ್ತಾನೆ; ಹಡಗಿನಿಂದ ಸರಕು ಇಳಿಸುವ ಆಳುಗಳೊಡನೆ ಅವರದೇ ಆಡುನುಡಿಯಲ್ಲಿ ಹರಟುತ್ತಾನೆ. ನಗರದ ಜನಸಂಖ್ಯೆ, ಬೀದಿಗಳು, ಸಂಸ್ಥೆಯ ಉಗ್ರಾಣಗಳ ಹೆಸರು ಇವನ್ನೆಲ್ಲ ಪ್ರಶ್ನೆ ಹಾಕಿ ಪರೀಕ್ಷಿಸುತ್ತಾನೆ. ಊರಿನ ಗಣ್ಯರ ಮನೆಗಳಿಗೆ ಭೇಟಿ ಕೊಡುವಾಗ ಮಗನನ್ನು ಜೊತೆಯಲ್ಲಿ ಕರೆದುಕೊಂಡು ಹೋಗುತ್ತಾನೆ: ನೋಡಿ ಕಲಿಯಲಿ ಎಂದು.

ಮಗನು ನೋಡುತ್ತಾನೆ. ಆದರೆ ಏನನ್ನು ನೋಡುತ್ತಾನೆ? ಪ್ರತಿಯೊಂದು ಮನೆಯ ಬಾಗಿಲಲ್ಲಿ ತಂದೆಯ ಮುಖಕ್ಕೆ ನಗೆ ಏರುವುದನ್ನೂ, ಹೊರಗೆ ಬಂದು ಗಾಡಿಯಲ್ಲಿ ಕುಳಿತೊಡನೆ ಆ ನಗೆ ಕಳಚಿ ಬೀಳುವುದನ್ನೂ, ಕೆಂಪೇರಿದ ಕಣ್ಣುಗಳನ್ನು ಮುಚ್ಚಿ ತಂದೆ ಒರಗುವುದನ್ನೂ ನೋಡುತ್ತಾನೆ. ತಂದೆಯ ಜಾಣ್ಮೆಯನ್ನಷ್ಟೇ ಅಲ್ಲ, ಆ ಜಾಣ್ಮೆ ಅವನಿಗೆ ಎಷ್ಟು ದುಸ್ಸಹವಾಗಿದೆ ಎಂಬುದನ್ನೂ ಕಾಣುತ್ತಾನೆ. ಈ ಸನ್ನಿವೇಶ ಕಾದಂಬರಿಯ ಮರ್ಮಸ್ಥಾನವೆಂದು ನನ್ನ ಅಭಿಪ್ರಾಯ. ಮಗು ದಡ್ಡನಾದುದರಿಂದ ಪಾಠ ವ್ಯರ್ಥವಾಯಿತೆಂದಲ್ಲ. ಅವನು ಅದನ್ನು ಕೊಟ್ಟವನಿಗಿಂತ ಚೆನ್ನಾಗಿ ಗ್ರಹಿಸಿದ. ಥಾಮಸ್ ಈ ವೇಳೆಗಾಗಲೇ ದಿನಕ್ಕೆ ಹಲವು ಸಲ ಉಡುಪು ಬದಲಾಯಿಸುತ್ತಾ, ನಟನಂತೆ ತನ್ನನ್ನು ತಾನು ರಂಗಕ್ಕೆ ಸಿದ್ಧಗೊಳಿಸಿಕೊಳ್ಳುವ ಸ್ಥಿತಿಗೆ ಬಂದಿದ್ದಾನೆ. ವ್ಯಾಪಾರದಲ್ಲಿ ಅವನಿಗೆ ಉಳಿದಿರುವುದು ವೇಷ. ತನ್ನ ಭಯವನ್ನೂ ಪೈರಿನ ವ್ಯವಹಾರದ ತಪ್ಪನ್ನೂ ಮಗನಿಗೆ ಒಮ್ಮೆಯಾದರೂ ಬಿಚ್ಚಿ ಹೇಳಿದ್ದರೆ ಹುಡುಗನಿಗೆ ವ್ಯಾಪಾರ ಬರುತ್ತಿತ್ತೋ ಇಲ್ಲವೋ, ತಂದೆಯಾದರೂ ಸಿಕ್ಕುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಅರಿಯುವ ಒಂದೆರಡು ಕ್ಷಣಗಳು ಕಾದಂಬರಿಯಲ್ಲಿ ಬರುತ್ತವೆ. ಅವು ವ್ಯಾಪಾರದ ಸಂದರ್ಭದಲ್ಲಲ್ಲ, ಥಾಮಸನ ದಾಂಪತ್ಯದ ದುಃಖದ ಸಂದರ್ಭದಲ್ಲಿ. ಹೆಂಡತಿ ಗೆರ್ಡಾ ಇನ್ನೊಬ್ಬನೊಡನೆ ಸಂಗೀತದಲ್ಲಿ ತೊಡಗಿರುವಾಗ, ಕೋಣೆಯ ಹೊರಗೆ, ಭಯವೂ ನೋವೂ ಒಂದಾದ ಹೊತ್ತಿನಲ್ಲಿ.

ಈಗ ಜೋಡಿಗೆರೆಯ ಪ್ರಸಂಗ. ಏಳೆಂಟು ವರ್ಷದ ಹಾನೊ ಒಂದು ದಿನ ಮೇಜಿನ ಮೇಲೆ ತೆರೆದು ಬಿದ್ದಿದ್ದ ಮನೆತನದ ಪುಸ್ತಕವನ್ನು ನೋಡುತ್ತಾನೆ. ಎಲ್ಲರ ಹೆಸರಿನ ಕೊನೆಯಲ್ಲಿ ತನ್ನ ಹೆಸರಿದೆ. ಲೇಖನಿಯನ್ನೂ ಗೆರೆಕೋಲನ್ನೂ ತೆಗೆದುಕೊಂಡು, ತನ್ನ ಹೆಸರಿನ ಕೆಳಗೆ ಪುಟದ ಅಗಲಕ್ಕೂ ಅಚ್ಚುಕಟ್ಟಾಗಿ ಎರಡು ಗೆರೆ ಎಳೆಯುತ್ತಾನೆ. ತಂದೆ ಸಿಟ್ಟಿನಿಂದ, ಸುರುಳಿ ಮಾಡಿದ ಅದೇ ಪುಸ್ತಕದಿಂದ ಕೆನ್ನೆಗೆ ತಟ್ಟಿ ಕೇಳಿದಾಗ, ಇದರ ಮುಂದೆ ಇನ್ನೇನೂ ಬರಲಾರದೆಂದು ತಾನು ಭಾವಿಸಿದುದಾಗಿ ತೊದಲುತ್ತಾನೆ. ಈ ಪ್ರಸಂಗವನ್ನು ಸಾವಿನ ಮುನ್ಸೂಚನೆಯಾಗಿ, ಸಂಕೇತವಾಗಿ ಎಲ್ಲರೂ ವ್ಯಾಖ್ಯಾನಿಸಿದ್ದಾರೆ. ನಾನೂ ಅನೇಕ ವರ್ಷ ಹಾಗೆಯೇ ಪಾಠ ಹೇಳಿದ್ದೇನೆ. ಒಮ್ಮೆ ವಾಣಿಜ್ಯ ವಿದ್ಯಾರ್ಥಿಗಳ ಕನ್ನಡ ತರಗತಿಯಲ್ಲಿ, ಪಠ್ಯದಿಂದ ಸ್ವಲ್ಪ ಆಚೆ ಸರಿದು ಈ ಕಥೆಯನ್ನು ಹೇಳಿದಾಗ, ಮಂಡಿ ವ್ಯಾಪಾರಿಯೊಬ್ಬರ ಮಗ ಎದ್ದುನಿಂತು, “ಹುಡುಗ ತಪ್ಪೇನು ಮಾಡಿದ ಸಾರ್? ಲೆಕ್ಕ ಮುಗಿದ ಮೇಲೆ ಜೋಡಿಗೆರೆ ಎಳೆಯಲೇಬೇಕಲ್ಲ” ಎಂದ. ತರಗತಿ ನಕ್ಕಿತು. ಮನೆಗೆ ಬಂದು ಗ್ರಂಥವನ್ನು ಮತ್ತೆ ತೆರೆದಾಗ ನನಗೆ ನಾಚಿಕೆಯಾಯಿತು. ಆ ಗೆರೆಗಳಲ್ಲಿ ಮೇಲಿನದು ಕೆಳಗಿನದಕ್ಕಿಂತ ಸ್ವಲ್ಪ ದಪ್ಪ. ಹುಡುಗನು ತನ್ನ ಶಾಲೆಯ ಲೆಕ್ಕದ ಪುಸ್ತಕದಲ್ಲಿ ಪುಟಪುಟಕ್ಕೂ ಹಾಕಬೇಕಾಗಿದ್ದ ಅಲಂಕಾರವೇ ಇದು ಎಂದು ಮಾನನು ಸ್ಪಷ್ಟವಾಗಿ ಬರೆದಿದ್ದಾನೆ. ವಿಮರ್ಶಕರು ಸಂಕೇತವನ್ನು ಹುಡುಕುತ್ತಾ ಗಣಿತವನ್ನು ಬಿಟ್ಟಿದ್ದೆವು. ವರ್ತಕನ ಮಗನಿಗೆ ಕಲಿಸಿದ ವಿದ್ಯೆಯಲ್ಲಿ ಅವನ ಕೈಗೆ ನಿಜವಾಗಿ ಹತ್ತಿದುದು ಅದೊಂದೇ, ಲೆಕ್ಕ ಮುಗಿಸುವ ಗೆರೆ. ಅದನ್ನು ಅವನು ತಪ್ಪಿಲ್ಲದೆ ಎಳೆದ.

ಹಲ್ಲು ಕೀಳಿಸಿಕೊಂಡು ಮನೆಗೆ ಮರಳುತ್ತಾ ಬೀದಿಯಲ್ಲಿ ಬಿದ್ದು ಥಾಮಸ್ ಸಾಯುತ್ತಾನೆ. ಮರಣಶಾಸನವನ್ನು ತೆರೆದರೆ, ಸಂಸ್ಥೆಯನ್ನು ಒಂದು ವರ್ಷದೊಳಗೆ ಮುಚ್ಚಿ ಹಣ ಮಾಡಬೇಕೆಂದಿದೆ. ಆತುರದ ಮಾರಾಟದಲ್ಲಿ ನಷ್ಟವೂ ಆಗುತ್ತದೆ. ಮಗನು ತಕ್ಕವನಲ್ಲವೆಂಬ ತೀರ್ಪನ್ನು ತಂದೆ ಯಾರಿಗೂ ಹೇಳದೆ ಬರೆದಿಟ್ಟಿದ್ದ. ಇದನ್ನು ಸೋಲೆಂದು ಓದುವುದೇ ಸಹಜ. ಆದರೆ ನಟನೆಯಿಲ್ಲದೆ ಥಾಮಸ್ ಮಗನಿಗಾಗಿ ಮಾಡಿದ ಏಕಮಾತ್ರ ಕಾರ್ಯ ಇದು ಎಂದೂ ಓದಬಹುದಲ್ಲವೆ? ಹುಡುಗನನ್ನು ಅವನು ಬಂದರಿನಿಂದ, ಉಗ್ರಾಣದ ಹೆಸರುಗಳಿಂದ ಬಿಡುಗಡೆ ಮಾಡಿದ. ಅದು ತಡವಾಗಿ ಬಂದಿತು, ಮಾತಿನಲ್ಲಿ ಬರಲಿಲ್ಲ ಎಂಬುದು ಬೇರೆ.

ಈ ಓದಿಗೆ ಲೇಖಕನ ಜೀವನವೂ ಸ್ವಲ್ಪ ಬೆಂಬಲ ಕೊಡುತ್ತದೆ. ಮಾನನ ತಂದೆ ಲ್ಯೂಬೆಕ್ಕಿನ ಧಾನ್ಯವರ್ತಕ, ನಗರದ ಸೆನೆಟರ್. ಅವರ ಸಂಸ್ಥೆಯ ಶತಮಾನೋತ್ಸವ 1890ರಲ್ಲಿ ನಡೆಯಿತು. 1891ರಲ್ಲಿ ಆತ ತೀರಿಕೊಂಡಾಗ ಸಂಸ್ಥೆಯನ್ನು ಮುಚ್ಚಬೇಕೆಂಬ ಮರಣಶಾಸನ ಹೊರಬಂದಿತು. ಹಿರಿಯ ಮಗ ಹೈನ್‌ರಿಷನಿಗೆ ಆಗ ಇಪ್ಪತ್ತು ವರ್ಷ, ಥಾಮಸನಿಗೆ ಹದಿನಾರು. ಹಿರಿಯನ ಸಾಹಿತ್ಯದ ಒಲವನ್ನು ಆದಷ್ಟು ತಡೆಯಬೇಕೆಂದು ಪೋಷಕರಿಗೆ ಅದೇ ಪತ್ರದಲ್ಲಿ ಸೂಚನೆಯಿತ್ತು. ಇಬ್ಬರೂ ಸಾಹಿತಿಗಳಾದರು, ಕಿರಿಯನಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ಬಂದುದು ಮುಖ್ಯವಾಗಿ ಈ ಕಾದಂಬರಿಗಾಗಿ. ಕಾದಂಬರಿ ಬರೆಯಲು ಕುಳಿತಾಗ ಮಾನನು ಮನೆತನದ ಕಾಗದಪತ್ರಗಳನ್ನು ತರಿಸಿಕೊಂಡ. ಬಂಧುಗಳಿಗೆ ಪತ್ರ ಬರೆದು ಹಳೆಯ ಕಾಲದ ಧಾನ್ಯದ ಧಾರಣೆ, ವ್ಯಾಪಾರದ ಪದ್ಧತಿಗಳನ್ನು ವಿಚಾರಿಸಿದ. ತಾಯಿಯಿಂದ ಅಡುಗೆಯ ವಿವರಗಳನ್ನು ಪಡೆದ. ಅಂಗಡಿ ಮುಚ್ಚಿ ಆರೇಳು ವರ್ಷಗಳಾದ ಮೇಲೆ, ಇಟಲಿಯಲ್ಲಿ ಕುಳಿತು, ವರ್ತಕನ ಮಗನು ವ್ಯಾಪಾರವನ್ನು ಕಲಿತ. ತಂದೆ ಬದುಕಿ ಕಲಿಸಲೆತ್ನಿಸಿದ್ದರೆ ಅವನು ಅಷ್ಟು ಶ್ರದ್ಧೆಯಿಂದ ಕಲಿಯುತ್ತಿದ್ದನೆಂದು ನನಗೆ ತೋರುವುದಿಲ್ಲ.

ಮಗನು ಇಲ್ಲದಿದ್ದರೆ, ಇದ್ದೂ ತಕ್ಕವನಲ್ಲದಿದ್ದರೆ, ತಕ್ಕವನನ್ನು ಆರಿಸಿಕೊಳ್ಳಬಹುದಷ್ಟೆ ಎಂದು ವಾಚಕರು ಕೇಳಬಹುದು. ಜಪಾನಿನ ವರ್ತಕ ಮನೆತನಗಳು ಅಳಿಯನನ್ನು ದತ್ತು ತೆಗೆದುಕೊಂಡು ಮನೆತನದ ಹೆಸರನ್ನೂ ಅಂಗಡಿಯನ್ನೂ ಅವನಿಗೆ ಒಪ್ಪಿಸುವ ಪದ್ಧತಿಯನ್ನೇ ಬೆಳೆಸಿದ್ದವು. ಆದರೆ ತಾನಿಜಾಕಿಯ ‘ಮಾಕಿಯೋಕ ಸಹೋದರಿಯರು’ ಎಂಬ ಕಾದಂಬರಿಯಲ್ಲಿ ಹೀಗೆ ದತ್ತು ಬಂದ ಹಿರಿಯ ಅಳಿಯನು, ಮಾವ ತೀರಿಕೊಂಡ ಮೇಲೆ ಒಸಾಕದ ಹಳೆಯ ಅಂಗಡಿಯನ್ನು ಬೇರೆಯವರಿಗೆ ವಹಿಸಿ ತನ್ನ ಬ್ಯಾಂಕಿನ ಕೆಲಸಕ್ಕೆ ಹಿಂತಿರುಗುತ್ತಾನೆ. ನಾದಿನಿಯರು ಅದನ್ನು ಬಹುಕಾಲ ಕ್ಷಮಿಸುವುದಿಲ್ಲ. ತನ್ನ ಶಕ್ತಿಯ ಮಿತಿಯನ್ನು ತಿಳಿದ ವಿವೇಕಿಯೆಂದು ಅವನನ್ನು ಮೆಚ್ಚಬೇಕೋ, ನಂಬಿಕೆಗೆ ಎರಡು ಬಗೆದವನೆಂದು ಬಯ್ಯಬೇಕೋ, ಕಾದಂಬರಿಕಾರನು ಹೇಳುವುದಿಲ್ಲ.

ಕನ್ನಡದಲ್ಲಿ ಈ ವಸ್ತುವಿಗೆ ಹತ್ತಿರವಾದ ಕೃತಿ 2013ರಲ್ಲಿ ಬಂದ ವಿವೇಕ ಶಾನಭಾಗರ ಕಿರುಕಾದಂಬರಿ ‘ಘಾಚರ್ ಘೋಚರ್’. ಮಾನನ ಬೃಹದ್ಗ್ರಂಥದೊಡನೆ ಇದನ್ನು ತೂಗುವುದು ಅನುಚಿತವೆಂದು ತೋರಬಹುದು. ಆದರೆ ನಮ್ಮ ಪ್ರಶ್ನೆಗೆ ಇದು ಕೊಡುವ ಉತ್ತರ ಆ ಗ್ರಂಥದಲ್ಲಿ ಇಲ್ಲದಿರುವಂತಹುದು. ಬೆಂಗಳೂರಿನ ಒಂದು ಕೆಳಮಧ್ಯಮ ವರ್ಗದ ಸಂಸಾರ. ಅಪ್ಪ ಚಹದ ಕಂಪೆನಿಯೊಂದರ ಮಾರಾಟಗಾರ. ಕಂಪೆನಿ ಅವನನ್ನು ಅವಧಿಗೆ ಮುನ್ನ ನಿವೃತ್ತಿಗೊಳಿಸುತ್ತದೆ. ಬಂದ ಹಣದಿಂದ ಚಿಕ್ಕಪ್ಪ ಸೋನಾ ಮಸಾಲಾ ಎಂಬ ವ್ಯಾಪಾರ ಆರಂಭಿಸುತ್ತಾನೆ. ಕೇರಳದಿಂದ ಸಗಟಾಗಿ ಮಸಾ‌ಲೆ ಪದಾರ್ಥ ತರಿಸಿ, ಸಣ್ಣ ಪೊಟ್ಟಣ ಕಟ್ಟಿ, ಅಂಗಡಿಗಳಿಗೆ ಮಾರುವ ಕೆಲಸ. ಹಣ ಹರಿದುಬರುತ್ತದೆ. ಹೆಸರಿಲ್ಲದ ನಿರೂಪಕ ಆ ಮನೆಯ ಮಗ.

ಈ ಮಗನು ಸಂಸ್ಥೆಯ ನಿರ್ದೇಶಕ. ತಿಂಗಳು ತಿಂಗಳು ಅವನ ಖಾತೆಗೆ ಸಂಬಳ ಬೀಳುತ್ತದೆ. ಅವನು ಮಾಡಬೇಕಾದ ಕೆಲಸವೇನೂ ಇಲ್ಲ. ಕಾಫಿ ಹೌಸಿನಲ್ಲಿ ಕುಳಿತು ವಿನ್ಸೆಂಟ್ ಎಂಬ ಮಾಣಿಯ ಅರ್ಥಗರ್ಭಿತ ಮಾತುಗಳನ್ನು ಆಲಿಸುವುದೇ ಅವನ ದಿನಚರಿ. ಡೊಂಬಿ ಮಗನಿಗೆ ತಪ್ಪಾಗಿ ಕಲಿಸಿದ, ಥಾಮಸ್ ಅತಿಯಾಗಿ ಕಲಿಸಿದ. ಇಲ್ಲಿ ಯಾರೂ ಯಾರಿಗೂ ಏನನ್ನೂ ಕಲಿಸುವುದಿಲ್ಲ. ಇದು ಅಲಕ್ಷ್ಯವೆಂದು ಮೇಲುನೋಟಕ್ಕೆ ತೋರುತ್ತದೆ. ಸ್ವಲ್ಪ ನಿಂತು ನೋಡಿದರೆ ಇದೊಂದು ವ್ಯವಸ್ಥೆಯೆಂಬುದು ಹೊಳೆಯುತ್ತದೆ. ದುಡಿಯುವವನು ಒಬ್ಬನೇ ಆಗಿರುವವರೆಗೆ ಮನೆಯೆಲ್ಲ ಅವನ ಸುತ್ತ ತಿರುಗುತ್ತದೆ. ಅವನ ಊಟ, ಅವನ ಚಹ, ಅವನ ನಿದ್ರೆ ಇವೇ ಮನೆಯ ಧರ್ಮವಾಗುತ್ತವೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸನ್ನು ಮನೆಯ ಹೆಂಗಸರು ಬೈದು ಅಟ್ಟುವುದು ಇದೇ ಧರ್ಮದ ರಕ್ಷಣೆಗಾಗಿ. ನಿರೂಪಕನಿಗೆ ಕೆಲಸ ಕಲಿಸದಿರುವುದರಲ್ಲಿ ಎಲ್ಲರಿಗೂ ಅನುಕೂಲವಿದೆ, ಅವನಿಗೂ ಸೇರಿ. ಹೊರಗಿನಿಂದ ಬಂದ ಹೆಂಡತಿ ಅನಿತಾಳಿಗೆ ಮಾತ್ರ ಇದು ಅಸಹ್ಯ. ಗಂಡ ತಿನ್ನುವ ಅನ್ನ ಅವನ ದುಡಿಮೆಯದಲ್ಲವೆಂಬುದನ್ನು ಅವಳು ನುಂಗಿಕೊಳ್ಳಲಾರಳು.

ಇಲ್ಲಿ ಒಂದು ವಿವರ ಬಹಳ ಬೆಲೆಯುಳ್ಳದ್ದು. ಬಡತನದ ಕಾಲದಲ್ಲಿ, ಇರುವೆಗಳು ಮುತ್ತುತ್ತಿದ್ದ ಆ ಹಳೆಯ ಮನೆಯಲ್ಲಿ, ಅಪ್ಪ ದಿನದ ವಸೂಲಿಯ ಲೆಕ್ಕವನ್ನು ಸಂಜೆ ಮನೆಗೆ ತಂದು ಕೂಡಿಸುತ್ತಿದ್ದ; ಲೆಕ್ಕ ಹೊಂದದಿದ್ದರೆ ಆತಂಕ ಅಪ್ಪನೊಬ್ಬನದಾಗಿರದೆ ಇಡೀ ಮನೆಯದಾಗುತ್ತಿತ್ತು. ಎಂದರೆ ಈ ಮನೆ ಒಮ್ಮೆ ವ್ಯಾಪಾರದ ಒಳ್ಳೆಯ ಪಾಠಶಾಲೆಯಾಗಿತ್ತು, ಸ್ವಂತ ವ್ಯಾಪಾರವಿಲ್ಲದಿದ್ದಾಗ. ವ್ಯಾಪಾರ ಬಂದೊಡನೆ ಶಾಲೆ ಮುಚ್ಚಿತು. ಬಳಿಕ ಮಗಳು ಮಾಲತಿ, ಗಂಡನ ಮನೆಯಲ್ಲುಳಿದ ತನ್ನ ಒಡವೆಗಳನ್ನು ಗಂಡಾಳುಗಳನ್ನು ಕರೆದೊಯ್ದು ಬಲಾತ್ಕಾರದಿಂದ ಬಿಡಿಸಿಕೊಂಡು ಬರುತ್ತಾಳೆ. ವಸೂಲಿಯ ವಿದ್ಯೆಯ ಈ ಹೊಸ ರೂಪವನ್ನು ಅವಳಿಗೆ ಯಾರೂ ಕೂರಿಸಿ ಕಲಿಸಲಿಲ್ಲ. ಮನೆಯ ಗಾಳಿಯಲ್ಲೇ ಅದಿತ್ತು. ಕಲಿಸದಿದ್ದರೆ ಮಕ್ಕಳು ಕಲಿಯುವುದಿಲ್ಲವೆಂದು ಭಾವಿಸುವವರು ಈ ಸನ್ನಿವೇಶವನ್ನು ಎರಡು ಬಾರಿ ಓದಬೇಕು.

ಉಳಿದಿರುವುದು ಅಪ್ಪನ ಮಾತು. ವ್ಯಾಪಾರದಲ್ಲಿ ಅವನು ಪಾಲುದಾರ, ಮೂಲಧನ ಅವನದು. ಹಣದ ಈ ಹೊಸ ರೀತಿಗೆ ಅವನು ಒಗ್ಗಲಿಲ್ಲ, ಮನೆಯವರ ನಡುವೆ ಒಂಟಿಯಾಗಿದ್ದಾನೆ. ಅವನು ತನ್ನ ಪಾಲನ್ನು ಯಾವುದಾದರೂ ಧರ್ಮಕಾರ್ಯಕ್ಕೆ ಬರೆದುಬಿಟ್ಟರೆ ಏನು ಗತಿಯೆಂಬ ಹೆದರಿಕೆ ಎಲ್ಲರಲ್ಲೂ ಉಂಟು. ವಿಜ್ಞಾನೇಶ್ವರನು ಕೊಟ್ಟ ಜನ್ಮಸ್ವಾಮ್ಯ ಇಲ್ಲಿ ಒದಗುವುದಿಲ್ಲ. ಇದು ಪಿತ್ರಾರ್ಜಿತವಲ್ಲ, ಅಪ್ಪನ ಸ್ವಯಾರ್ಜಿತ. ಬರೆಯಲು ಅವನಿಗೆ ಅಧಿಕಾರವಿದೆ. ಥಾಮಸ್ ಬುಡೆನ್‌ಬ್ರೂಕನ ಮರಣಶಾಸನವನ್ನು ಅವನ ಮನೆಯವರು ಅವನು ಸತ್ತ ಮೇಲೆ ಓದಿದರು. ಈ ಮನೆಯವರು ಇನ್ನೂ ಬರೆಯದಿರುವ ಶಾಸನವನ್ನು ದಿನದಿನವೂ ಅಪ್ಪನ ಮುಖದಲ್ಲಿ ಓದಲು ಯತ್ನಿಸುತ್ತಾರೆ, ಅದಕ್ಕಾಗಿಯೇ ಅವನೊಡನೆ ಮೃದುವಾಗಿ ಮಾತಾಡುತ್ತಾರೆ. ಅವನು ಬರೆಯುತ್ತಾನೆಯೆ, ಇಲ್ಲವೆ ಎಂಬುದನ್ನು ಕಾದಂಬರಿ ಹೇಳದೆ ಮುಗಿಯುತ್ತದೆ.